ಕಡ್ಡಿಯೊಳಗಿನ ಗಾಜು

ದೊಡ್ಡಮನೆಯ ಗೌಡ್ತಿ ತನ್ನ ಹಸುವನ್ನು ಮತ್ತೊಮ್ಮೆ ಡೈರಿಗೆ ಹೊಡೆದುಕೊಂಡು ಬಂದಾಗ ನನ್ನೊಡನೆ ಮಾತಾಡಲಿಲ್ಲ. ನನಗೆ ಕೇಳಿಸುವ ಹಾಗೆ ಹಸುವಿನೊಡನೆ ಮಾತಾಡಿದಳು.

“ಇನ್ನೂ ಎಷ್ಟ್ ಸಲ ಈ ಬೋಳುಗೈಗೆ ನಿನ್ನ ಒಡ್ಡಾನೆ ತಾಯಿ? ಬಳೆ ಇಲ್ದ ಕೈ ಒಳಿಕ್ಕೆ ಓದ್ರೆ ಗಬ್ಬ ಎಲ್ ನಿಂತದು?”

ಹಾಲು ಹಾಕಲು ಸಾಲಿನಲ್ಲಿ ನಿಂತಿದ್ದವರೆಲ್ಲ ಕೇಳಿಸಿಕೊಂಡರು. ಒಬ್ಬರೂ ಅವಳನ್ನು ತಡೆಯಲಿಲ್ಲ. ನಾನು ಭುಜದವರೆಗೆ ಕೈಗವಸು ಏರಿಸಿಕೊಂಡು ನನ್ನ ಕೆಲಸ ಮಾಡಿದೆ.

ಮಕ್ಕಳೇ, ಒಂದು ಚಿಕ್ಕ ಬೀಗದ ಕೈ ಯಾವಾಗಲೂ ನನ್ನ ಸೊಂಟದಲ್ಲಿ ಯಾಕಿರುತ್ತದೆ ಎಂದು ನೀವು ಕೇಳಿ ನಗುತ್ತೀರಿ. ಹೇಳಬೇಕೆಂದು ಬಾಯಿ ತೆರೆದರೆ ನನಗೆ ಮಾತು ಅಲ್ಲೇ ನಿಂತುಬಿಡುತ್ತದೆ. ಊರ ಶಾಲೆಯಲ್ಲಿ ಮೇಷ್ಟ್ರು ಎದ್ದು ನಿಲ್ಲಿಸಿದಾಗಲೂ ಹಾಗೇ ಆಗುತ್ತಿತ್ತು. ಆದರೆ ಬರೆಯುವುದನ್ನು ಅದೇ ಮೇಷ್ಟ್ರು ಚೆನ್ನಾಗಿ ಕಲಿಸಿದ್ದರು. ಅದಕ್ಕೆ ಬರೆಯುತ್ತಿದ್ದೇನೆ.

ನಮ್ಮೂರ ಹಾಲಿನ ಡೈರಿಯಲ್ಲಿ ಬೆದೆಗೆ ಬಂದ ಹಸುಗಳಿಗೆ ಕಡ್ಡಿ ಹಾಕುವುದು ನನ್ನ ಕೆಲಸ. ನಿಮ್ಮ ತಾತ ಹೋದ ಮೇಲೆ ಈ ಮನೆಯ ಒಲೆ ಆರದಂತೆ ನೋಡಿಕೊಂಡದ್ದು ಆ ಕೆಲಸವೇ. ಈಗ ಹೇಳುತ್ತಿರುವುದು ಅದು ನನ್ನ ಕೈತಪ್ಪಿ ಹೋಗಲಿದ್ದ ದಿನಗಳ ವಿಷಯ.

ಡೈರಿಯ ಒಳಕೋಣೆಯಲ್ಲಿ ಒಂದು ದೊಡ್ಡ ಅಲ್ಯೂಮಿನಿಯಂ ಜಾಡಿ ಇದೆ. ಹೊಟ್ಟೆ ದಪ್ಪ, ಕುತ್ತಿಗೆ ಸಣ್ಣ. ಅದರ ತುಂಬ ನೈಟ್ರೋಜನ್ ದ್ರವ ಇರುತ್ತದೆ, ನೀರಿನಂತೆ ಕಾಣುತ್ತದೆ. ಅದರ ಚಳಿ ಸೊನ್ನೆಗಿಂತ ನೂರ ತೊಂಬತ್ತಾರು ಡಿಗ್ರಿ ಕೆಳಗೆ. ಉದ್ದ ಹಿಡಿಯ ಡಬ್ಬಿಗಳು ಅದರಲ್ಲಿ ಮುಳುಗಿ ನಿಂತಿರುತ್ತವೆ. ಒಂದೊಂದು ಡಬ್ಬಿಯಲ್ಲಿ ಒಂದೊಂದು ಹೋರಿಯ ವೀರ್ಯ ತುಂಬಿದ ಕಡ್ಡಿಗಳು. ಪೊರಕೆ ಕಡ್ಡಿಗಿಂತ ಸ್ವಲ್ಪ ದಪ್ಪ, ಗೇಣುದ್ದವೂ ಇಲ್ಲ. ಹಸು ಬಂದರೆ ಮುಚ್ಚಳ ತೆಗೆದು, ಡಬ್ಬಿಯನ್ನು ಜಾಡಿಯ ಕುತ್ತಿಗೆಯ ಕೆಳಗೇ ನಿಲ್ಲಿಸಿ, ಚಿಮಟದಿಂದ ಒಂದು ಕಡ್ಡಿಯನ್ನು ಎಳೆದುಕೊಳ್ಳಬೇಕು. ಉಸಿರು ಬಿಡುವುದರೊಳಗೆ ಡಬ್ಬಿ ಮತ್ತೆ ಮುಳುಗಿರಬೇಕು. ಕಡ್ಡಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ, ಒರೆಸಿ, ತುದಿ ಕತ್ತರಿಸಿ, ಗನ್ನು ಎನ್ನುವ ಉದ್ದನೆಯ ಉಕ್ಕಿನ ನಳಿಗೆಗೆ ಏರಿಸಿ, ಹಸುವಿನ ಗರ್ಭಕೋಶದ ಬಾಯಿಯವರೆಗೆ ಒಯ್ದು ಬಿಡಬೇಕು. ಮೂರು ವಾರಕ್ಕೆ ಹಸು ತಿರುಗಿ ಬೆದೆಗೆ ಬರದಿದ್ದರೆ ನಿಂತಿತೆಂದು ಅರ್ಥ.

ಆ ವರ್ಷ ಹಸುಗಳು ತಿರುಗಿ ಬರತೊಡಗಿದವು. ಮೊದಲು ಒಂದೆರಡು. ಅದು ಇದ್ದದ್ದೇ. ಆಮೇಲೆ ಹೆಚ್ಚು ಕಡಿಮೆ ಎಲ್ಲವೂ.

ನನಗೆ ತಿಳಿದದ್ದನ್ನೆಲ್ಲ ನೋಡಿದೆ. ಮರದ ಕೋಲು ಇಳಿಬಿಟ್ಟು ನೈಟ್ರೋಜನ್ ಅಳೆದೆ, ಜಾಡಿ ತುಂಬಿತ್ತು. ಕಡ್ಡಿ ಅದ್ದುವ ನೀರಿನ ಥರ್ಮಾಮೀಟರ್ ಬದಲಾಯಿಸಿದೆ. ಗನ್ನನ್ನು ಮತ್ತೆ ಮತ್ತೆ ಕುದಿಸಿದೆ. ಬೆಳಗ್ಗೆ ಬೆದೆ ಕಂಡ ಹಸುವನ್ನು ಸಂಜೆಯೇ ಕರೆತರಬೇಕೆಂದು ಮನೆಮನೆಗೆ ಹೋಗಿ ಹೇಳಿದೆ. ಏನೂ ಬದಲಾಗಲಿಲ್ಲ. ಕೇರಿಯ ಕೊನೆಯ ಮನೆಯವಳ ಗಿಡ್ಡ ಹಸುವಿಗೆ ಮಾತ್ರ ನಿಂತಿತು. ದೊಡ್ಡ ಕರು ಹಾಕಲು ಅದಕ್ಕೆ ಆಗದೆಂದು ಅವಳು ಜರ್ಸಿ ಕಡ್ಡಿ ಹಾಕಿಸಿದ್ದಳು. ಉಳಿದವರಿಗೆಲ್ಲ ಬೇಕಾದದ್ದು ಎಚ್ಚೆಫ್ ಎನ್ನುವ ಕಪ್ಪುಬಿಳುಪಿನ ಸೀಮೆ ತಳಿಯ ಒಂದು ಹೋರಿ. ಅದರ ಹೆಣ್ಣುಕರುಗಳು ಬಿಂದಿಗೆ ತುಂಬ ಹಾಲು ಕೊಟ್ಟಿದ್ದವು. ಊರಲ್ಲಿ ಅದನ್ನು ಪಟ್ಟದ ಹೋರಿ ಎನ್ನುತ್ತಿದ್ದರು. ಆ ಹೋರಿಯನ್ನು ಯಾರೂ ಕಂಡವರಲ್ಲ.

ಹಾಲು ಒಕ್ಕೂಟದಿಂದ ಒಬ್ಬ ಮೇಲ್ವಿಚಾರಕ ಬಂದ. ನಾನು ಕಡ್ಡಿ ಹಾಕುವುದನ್ನು ಬದಿಯಲ್ಲಿ ನಿಂತು ನೋಡಿದ. ಜಾಡಿಯ ಕಡೆ ತಿರುಗಿಯೂ ನೋಡಲಿಲ್ಲ.

“ವಯಸ್ಸಾಯ್ತಲ್ಲಮ್ಮ, ಕೈ ನಡುಗ್ತದೆ,” ಎಂದ.

ನನ್ನ ಕೈ ನಡುಗುತ್ತಿರಲಿಲ್ಲ. ಗನ್ನು ತೊಳೆದು ಒರೆಸಿಟ್ಟೆ.

ಅವನು ಹೋದ ಮೇಲೆ ಡೈರಿಯ ಸೆಕ್ರೆಟರಿ ಹಾಲಿನ ಕ್ಯಾನುಗಳ ಮೇಲೆ ಕಾಲು ಇಳಿಬಿಟ್ಟು ಕುಳಿತು ಮಾತು ತೆಗೆದ. ವಯಸ್ಸಿನಲ್ಲಿ ನನಗಿಂತ ಚಿಕ್ಕವನು, ಅಕ್ಕಯ್ಯ ಎಂದೇ ಕರೆಯುವವನು.

“ಅಕ್ಕಯ್ಯ, ಜನ ಏನೇನೋ ಅಂತಾವ್ರೆ. ನಾನ್ ನಂಬಾಕಿಲ್ಲ ಬುಡು. ಆದ್ರೂ ಡೈರಿ ನಡೀಬೇಕಲ್ವಾ? ನಮ್ ಬಾಮೈದ ಟ್ರೈನಿಂಗ್ ಮುಗ್ಸ್ಕಂಡು ಬಂದವ್ನೆ. ಮುಂದಿನ ಮೀಟಿಂಗಲ್ಲಿ ಅವ್ನ ಎಸ್ರು ಇಡಾನ ಅಂತ.”

“ನನ್ನ ಕೈಯಲ್ಲೇನೂ ತಪ್ಪಿಲ್ಲ ಕಣಪ್ಪ.”

“ಕೈದು ತಪ್ಪು ಅಂತ ಯಾರಂದ್ರು? ಕೈಗುಣ ಅಂತಾವ್ರೆ.”

ಕೈತಪ್ಪಾದರೆ ತಿದ್ದಿಕೊಳ್ಳಬಹುದು. ಕೈಗುಣ ಎಂದರೆ ಏನು ಮಾಡುವುದು? ಆ ಹೆಸರು ಹೊತ್ತುಕೊಂಡು ಕೆಲಸ ಬಿಟ್ಟರೆ ಅಕ್ಕಪಕ್ಕದ ಯಾವ ಊರಿನಲ್ಲೂ ನನ್ನನ್ನು ಕೊಟ್ಟಿಗೆಯೊಳಗೆ ಬಿಡುವುದಿಲ್ಲ. ನಿಮ್ಮ ಅಮ್ಮನ ಬಾಣಂತನಕ್ಕೂ ನನ್ನ ಕೈ ಬೇಡವೆನ್ನುವ ಜನ ಸಿಗುತ್ತಾರೆ.

ಮನಸ್ಸಿಗೆ ಬಂದದ್ದು ಒಂದೇ. ಹಸುವನ್ನು ನೋಡಿಯಾಯಿತು, ನನ್ನನ್ನೂ ನೋಡಿಯಾಯಿತು. ಕಡ್ಡಿಯೊಳಗೆ ಏನಿದೆಯೆಂದು ಯಾರೂ ನೋಡಿಲ್ಲ. ನಮ್ಮ ಹತ್ತಿರದ ಡಾಕ್ಟರು ದಿನವೂ ಸೆಕ್ರೆಟರಿಯ ಜೊತೆ ಕಾಫಿ ಕುಡಿಯುವವರು. ಹಾಗಾಗಿ ದೂರದ ಒಂದು ಪಶು ಆಸ್ಪತ್ರೆಗೆ ಹೋಗುವುದೆಂದು ಗೊತ್ತುಮಾಡಿಕೊಂಡೆ. ಅದು ಕೆ.ಆರ್. ಪೇಟೆ ದಾಟಿ ಸಂತೆಬಾಚಹಳ್ಳಿ ಕಡೆಗೆ. ಪಟ್ಟದ ಹೋರಿಯ ಕೆಲವು ಕಡ್ಡಿ, ಜರ್ಸಿಯ ಕೆಲವು ಕಡ್ಡಿ, ಮನೆಮನೆಗೆ ಒಯ್ಯುವ ಚಿಕ್ಕ ಜಾಡಿಗೆ ಚಿಮಟದಿಂದ ಬದಲಾಯಿಸಿಕೊಂಡು ಬಸ್ಸು ಹತ್ತಿದೆ.

ಜಾಡಿಯ ಮುಚ್ಚಳವನ್ನು ಬಿಗಿಯಾಗಿ ಮುಚ್ಚುವಂತಿಲ್ಲ. ಒಳಗಿನ ಆವಿ ಹೊರಗೆ ಹೋಗುತ್ತಲೇ ಇರಬೇಕು. ಬಸ್ಸು ಕುಲುಕಿದಾಗಲೆಲ್ಲ ಬಿಳಿ ಹೊಗೆ ಹೊರಬಂದು ನನ್ನ ಸೀರೆಯ ಮೇಲೆ ಇಳಿಯಿತು.

“ಏನವ್ವ ಅದು, ಒಗೆ ಬತ್ತಾ ಅದೆ?” ಕಂಡಕ್ಟರ್ ಗದರಿದ.

“ಹೋರಿ ಕಡ್ಡಿ ಕಣಪ್ಪ. ಡೈರಿದು.”

ಹಿಂದಿನ ಸೀಟಿನವನು ಕತ್ತು ಚಾಚಿದ. “ಹೆಂಗುಸ್ರಿಗೆ ಬಸ್ಸು ಫ್ರೀ ಸರಿ ಕಣವ್ವ. ಅದ್ರೊಳ್ಗಿರೋರು ಗಂಡುಸ್ರಲ್ವಾ? ಅವ್ರಿಗೆ ಟಿಕೆಟ್ ತಗೋ.”

ಬಸ್ಸೆಲ್ಲ ನಕ್ಕಿತು. ನಾನು ಸೆರಗನ್ನು ಮುಖಕ್ಕೆ ಎಳೆದುಕೊಂಡೆ. ಆದರೂ ಇಳಿಸಲಿಲ್ಲ, ಅಷ್ಟು ಸಾಕಾಗಿತ್ತು.

ಆ ಡಾಕ್ಟರೂ ಒಳ್ಳೆಯ ಮಾತಿನಿಂದ ಶುರು ಮಾಡಲಿಲ್ಲ. “ಎಲ್ಲ ಊರಲ್ಲೂ ಇದೇ ಕಥೆ. ಹಾಕೋದು ಬರಲ್ಲ, ಕಡ್ಡಿ ಮೇಲೆ ತಪ್ಪು ಹೊರಿಸ್ತೀರಿ,” ಎಂದರು. ನಾನು ಬಾಗಿಲ ಬಳಿ ನಿಂತೇ ಇದ್ದೆ. ಮಧ್ಯಾಹ್ನದವರೆಗೂ ನಿಂತಿದ್ದೆ. ನಾನು ಹೋಗುವುದಿಲ್ಲ ಎಂದು ಖಾತ್ರಿಯಾದ ಮೇಲೆ ಸೂಕ್ಷ್ಮದರ್ಶಕದ ಮುಸುಕು ತೆಗೆದರು.

ಮೊದಲು ಜರ್ಸಿ ಕಡ್ಡಿ. ಬೆಚ್ಚನೆಯ ನೀರಿನಲ್ಲಿ ಅದ್ದಿ ಒಂದು ಹನಿಯನ್ನು ಗಾಜಿನ ಪಟ್ಟಿಯ ಮೇಲೆ ಬಿಟ್ಟು ನೋಡಿದರು. ನನಗೂ ತೋರಿಸಿದರು. ಕೆರೆಯ ಅಂಚಿನಲ್ಲಿ ಮರಿಮೀನು ಹರಿದಾಡುವಂತೆ ಎಲ್ಲ ಮುಂದೆ ನುಗ್ಗುತ್ತಿದ್ದವು. ಆಮೇಲೆ ಪಟ್ಟದ ಹೋರಿಯ ಕಡ್ಡಿ. ಡಾಕ್ಟರು ಸ್ವಲ್ಪ ಹೊತ್ತು ನೋಡಿ, ಇನ್ನೊಂದು ಕಡ್ಡಿ ತೆಗೆದು ನೋಡಿ, ಮತ್ತೊಂದು ತೆಗೆದರು. ನಾನು ಬಗ್ಗಿ ನೋಡಿದಾಗ ಎಲ್ಲವೂ ಬಿದ್ದಲ್ಲೇ ಬಿದ್ದಿದ್ದವು. ಎಲ್ಲೋ ಒಂದು ಬಾಲ ಅಲ್ಲಾಡಿ ಸುಮ್ಮನಾಯಿತು.

“ಇದನ್ನ ಯಾರೋ ಹೊರಗೆ ತೆಗೆದು ತೆಗೆದು ಇಟ್ಟಿದ್ದಾರೆ,” ಎಂದರು.

“ನೈಟ್ರೋಜನ್ ಕಮ್ಮಿ ಆಗಿಲ್ಲ ಸಾರ್. ನಾನೇ ಅಳೆದಿದೀನಿ.”

“ಜಾಡಿ ತುಂಬಿದ್ರೆ ಏನು ಬಂತು? ಇದರೊಳಗಿರೋದು ಏನು ಅಂದ್ಕೊಂಡಿದ್ದೀರಿ?”

“ಮಂಜುಗಡ್ಡೆ ಸಾರ್.”

“ಪೂರ್ತಿ ಅಲ್ಲ. ಗ್ಲಿಸರಿನ್ ಬೆರೆಸಿರ್ತಾರೆ. ತಣ್ಣಗಾಗ್ತಾ ಆಗ್ತಾ ನೀರು ಸಣ್ಣ ಸಣ್ಣ ಹರಳಾಗುತ್ತೆ. ಗ್ಲಿಸರಿನ್ ರಸ ಹರಳು ಕಟ್ಟದೆ ಇದ್ದ ಹಾಗೇ ಬಿಗಿದುಕೊಳ್ಳುತ್ತೆ. ಅದು ಗಾಜು. ಕಿಟಕಿ ಗಾಜಲ್ಲ, ಅದರ ಜಾತಿಯದೇ. ವೀರ್ಯಾಣು ಅದರಲ್ಲಿ ಹುದುಗಿಕೊಂಡಿರುತ್ತೆ, ಎಷ್ಟು ವರ್ಷ ಬೇಕಾದ್ರೂ.” ನನಗೆ ಅರ್ಥವಾಯಿತೋ ಇಲ್ಲವೋ ಎಂದು ಮುಖ ನೋಡಿದರು. “ಆಲೆಮನೆ ನೋಡಿದ್ದೀರಾ?”

“ನೋಡಿದೀನಿ ಸಾರ್.”

“ಪಾಕ ನೋಡೋಕೆ ಒಂದು ತೊಟ್ಟು ತಣ್ಣೀರಿಗೆ ಬಿಡ್ತಾರಲ್ಲ, ಗಾಜಿನ ಥರ ಆಗುತ್ತೆ. ಅದನ್ನೇ ಬೆಚ್ಚಗೆ ಇಟ್ಟರೆ?”

“ಮೆತ್ತಗಾಗಿ ಸಕ್ಕರೆ ಹರಳು ಕಟ್ಕೊಳ್ಳುತ್ತೆ.”

“ಆಮೇಲೆ ಮತ್ತೆ ತಣ್ಣೀರಿಗೆ ಹಾಕಿದ್ರೆ ಹರಳು ಹೋಗುತ್ತಾ?”

“ಇಲ್ಲ ಸಾರ್.”

“ಅಷ್ಟೇ. ಮೈನಸ್ ನೂರ ಮೂವತ್ತರ ಆಸುಪಾಸು ದಾಟಿ ಮೇಲಕ್ಕೆ ಬಂದರೆ ಈ ಗಾಜು ಮೆತ್ತಗಾಗುತ್ತೆ. ಆಗಲೂ ಕೈ ಸುಡೋ ಚಳಿನೇ. ಕಡ್ಡಿ ಕಲ್ಲಿನ ಥರಾನೇ ಇರುತ್ತೆ, ನೋಡಿದರೆ ಗೊತ್ತಾಗಲ್ಲ. ಒಳಗೆ ಮಾತ್ರ ಸಣ್ಣ ಹರಳುಗಳು ಒಂದಕ್ಕೊಂದು ಸೇರಿ ಬೆಳೆದು ವೀರ್ಯಾಣುವಿನ ಸಿಪ್ಪೆ ಒಡೀತವೆ. ಇನ್ನೊಂದು. ಅಷ್ಟು ತಣ್ಣಗಿರೋ ವಸ್ತುವಿಗೆ ಬಿಸಿ ತಡೆದುಕೊಳ್ಳೋ ಶಕ್ತಿ ಬಹಳ ಕಡಿಮೆ. ಸ್ವಲ್ಪ ಬಿಸಿ ತಾಗಿದರೂ ಸರ್ರನೆ ಏರಿಬಿಡುತ್ತೆ. ಈ ಸಣ್ಣ ಕಡ್ಡಿಗಂತೂ ಒಂದು ಸಲ ಉಸಿರಾಡೋವಷ್ಟು ಹೊತ್ತು ಸಾಕು. ತಿರುಗಿ ಮುಳುಗಿಸಿದರೆ ಚಳಿ ಬರುತ್ತೆ, ಜೀವ ಬರಲ್ಲ.”

ಯಾರು ಡಬ್ಬಿ ಎತ್ತುತ್ತಾರೆ ಎಂದು ಕೇಳಿದರು. ನಾನೊಬ್ಬಳೇ ಎಂದೆ.

“ಹಾಗಾದರೆ ನೀವೇ ಕೆಡಿಸಿದ್ದೀರಿ. ಇಲ್ಲ ಅಂದ್ರೆ ಇನ್ನೊಬ್ಬರು ಯಾರು ಅಂತ ಹೋಗಿ ನೋಡಿ. ನನ್ನನ್ನ ಸಾಕ್ಷಿಗೆ ಎಳೀಬೇಡಿ.”

ತಿರುಗಿ ಬರುವಾಗ ದಾರಿಯುದ್ದಕ್ಕೂ ಒಂದೇ ಯೋಚನೆ. ನಾನು ಒಳಕೋಣೆಯಲ್ಲಿ ಇಲ್ಲದ ಹೊತ್ತು ಯಾವುದು? ಬೆಳಗ್ಗೆ ಹಾಲಿನ ಹೊತ್ತಿಗೆ ಇರುತ್ತೇನೆ, ಸಂಜೆಯೂ ಇರುತ್ತೇನೆ. ಶುಕ್ರವಾರ ಸಂಜೆ ಮಾತ್ರ ಇರುವುದಿಲ್ಲ. ಶುಕ್ರವಾರ ಸಂಜೆ ಡೈರಿಯಲ್ಲಿ ಪೂಜೆ. ಪಟ್ಟದ ಹೋರಿಯ ಮೊದಲ ಕರುಗಳು ಹಾಲಿಗೆ ಬಂದ ವರ್ಷ, ಹಸುಗಳು ತಿರುಗಿ ಬರತೊಡಗುವುದಕ್ಕೆ ಸ್ವಲ್ಪ ಮುಂಚೆ, ಸೆಕ್ರೆಟರಿ ಅದನ್ನು ಶುರು ಮಾಡಿದ್ದ. ಪೂಜೆಗೆ ಮುತ್ತೈದೆಯರು ಬರುತ್ತಾರೆ, ನೀನು ಆ ಹೊತ್ತು ಮನೆಗೆ ಹೋಗು ಎಂದು ಅವನೇ ಹೇಳಿದ್ದ. ನಾನೂ ಹೋಗುತ್ತಿದ್ದೆ. ಬೇಡವಾದ ಕಡೆ ನಿಲ್ಲುವ ಅಭ್ಯಾಸ ನನಗಿಲ್ಲ.

ಆ ಶುಕ್ರವಾರ ಹೋಗಲಿಲ್ಲ. ಒಳಕೋಣೆಯ ಬಾಗಿಲ ಪಕ್ಕದ ಗೋಡೆಗೆ ಒರಗಿ ನಿಂತೆ. ಗೌಡ್ತಿ ತಟ್ಟೆ ಹಿಡಿದು ಬಂದವಳು ನನ್ನನ್ನು ಕಂಡು ಹೊಸಲಿನಾಚೆಗೇ ನಿಂತಳು.

“ಇದ್ಯಾಕಮ್ಮಿ ಇಲ್ಲಿ? ಇವತ್ ಶುಕ್ರವಾರ ಅನ್ನದು ಮರ್ತೋಯ್ತಾ?”

“ಗೊತ್ತು ಗೌಡ್ತಮ್ಮ.”

“ಗೊತ್ತಿದ್ದೂ ನಿಂತಿದ್ದೀಯಲ್ಲ, ನಿಂಗೆಷ್ಟು ಕೊಬ್ಬು?”

ನಾನು ಕದಲಲಿಲ್ಲ. ಒಳ್ಳೆಯ ಹೊತ್ತು ಮೀರುತ್ತದೆಂದು ಸೆಕ್ರೆಟರಿ ಅವಸರ ಮಾಡಿದ. ಜಾಡಿಗೆ ಅರಿಸಿನ ಕುಂಕುಮ ಇಟ್ಟಿದ್ದರು, ಕುತ್ತಿಗೆಗೆ ಸೇವಂತಿಗೆ ಹಾರ. ಮುಚ್ಚಳ ತೆಗೆದ. ಪಟ್ಟದ ಹೋರಿಯ ಡಬ್ಬಿಯನ್ನು ಹಿಡಿಯಿಂದ ಎತ್ತಿ, ಕುತ್ತಿಗೆ ದಾಟಿಸಿ, ಪೂರ್ತಿ ಹೊರಗೆ ತೆಗೆದು, ಎಲ್ಲರಿಗೂ ಕಾಣುವಂತೆ ಎದೆಮಟ್ಟಕ್ಕೆ ಹಿಡಿದ. ಬಿಳಿ ಹೊಗೆ ಡಬ್ಬಿಯಿಂದ ಸುರಿದು ನೆಲದ ಮೇಲೆ ಹರಡಿತು. ಹೆಂಗಸರು ಕೈಮುಗಿದರು. ಗೌಡ್ತಿ ಕರ್ಪೂರ ಹಚ್ಚಿ ಡಬ್ಬಿಗೆ ಮಂಗಳಾರತಿ ಎತ್ತಿದಳು. ಆರತಿ ಮುಗಿಯುವವರೆಗೂ ಡಬ್ಬಿ ಹೊರಗೇ ಇತ್ತು. ಕಡ್ಡಿಗಳ ತುದಿ ಬೂದಿ ಬಳಿದಂತೆ ಬೆಳ್ಳಗಾಗುವುದನ್ನು ನಾನು ನೋಡುತ್ತಿದ್ದೆ. ಆಮೇಲೆ ಡಬ್ಬಿಯನ್ನು ಜಾಡಿಗೆ ಇಳಿಸಿದ. ನೈಟ್ರೋಜನ್ ಭೋರೆಂದು ಕುದಿಯಿತು, ಮೊದಲಿಗಿಂತ ದಟ್ಟವಾಗಿ ಹೊಗೆ ಎದ್ದಿತು.

“ನೋಡ್ರವ್ವ, ಒಪ್ಕೊಂಡ ಪಟ್ಟದವ್ನು,” ಎಂದ ಸೆಕ್ರೆಟರಿ.

ವಾರಕ್ಕೊಮ್ಮೆ, ಇಷ್ಟು ಕಾಲದಿಂದ. ಕೆಟ್ಟ ಕಣ್ಣು ಬೀಳದಿರಲೆಂದು ನನ್ನನ್ನು ಹೊರಗೆ ಕಳಿಸಿ, ಒಳಗೆ ಇದನ್ನು ಮಾಡುತ್ತಿದ್ದರು.

“ಆ ಕಡ್ಡಿ ಸತ್ತೋಗವೆ,” ಎಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ. ಇನ್ನೊಮ್ಮೆ ಹೇಳಿದೆ. “ಹಿಂಗೆ ಹೊರಗೆ ತೆಗೆದ್ರೆ ಸಾಯ್ತವೆ. ಡಾಕ್ಟ್ರ ಹತ್ರ ತಗೊಂಡೋಗಿ ನೋಡ್ಸಿದೀನಿ. ಆ ಡಬ್ಬಿಲಿ ಜೀವ ಇಲ್ಲ.”

ಕರ್ಪೂರ ಇನ್ನೂ ಉರಿಯುತ್ತಿತ್ತು. ಪೂಜೆಯ ಮುಂದೆ ಸಾವಿನ ಮಾತು ತೆಗೆದಳೆಂದು ಹೆಂಗಸರು ಒಂದೇ ಸಲ ಮೇಲೆಬಿದ್ದರು. ಅವರಲ್ಲಿ ಕೆಲವರ ಹಸುಗಳ ಕಷ್ಟದ ಹೆರಿಗೆಯಲ್ಲಿ ನಾನು ಕರು ಎಳೆದುಕೊಟ್ಟವಳು. ಸೆಕ್ರೆಟರಿ ಕೈ ಎತ್ತಿ ಅವರನ್ನು ಸುಮ್ಮನಾಗಿಸಿದ.

“ಅಕ್ಕಯ್ಯ, ನಿನ್ ಕೈದು ತಪ್ಪು ಮುಚ್ಚಾಕಕೆ ದೇವ್ರ ಪೂಜೆ ಮ್ಯಾಲೆ ಆಕ್ತೀಯಾ? ಜಾಡಿಲಿ ಚಳಿ ತುಂಬ್ಕಂಡದೆ. ತೆಗ್ದ ಮ್ಯಾಲೆ ತಿರ್ಗ ಮುಳುಗಿಸ್ನಿಲ್ವಾ?”

ಪಾಕದ ಮಾತು ಹೇಳಬೇಕೆಂದಿದ್ದೆ. ಅಷ್ಟು ಜನರ ಮುಂದೆ ಅದನ್ನು ಜೋಡಿಸಿ ಹೇಳಲು ನನ್ನಿಂದಾಗಲಿಲ್ಲ. ಹೇಳಲು ಆದದ್ದು ಇಷ್ಟೇ: “ಆ ಡಬ್ಬಿದು ಇನ್ಮೇಲೆ ನಾನು ಯಾವ ಹಸುಗೂ ಹಾಕಲ್ಲ. ಜರ್ಸಿದು ಕೇಳಿದ್ರೆ ಹಾಕ್ತೀನಿ. ಪಟ್ಟದ ಹೋರಿದು ಬೇಕಾದ್ರೆ ನಿನ್ನ ಬಾಮೈದನ ಕೈಲಿ ಹಾಕ್ಸು.”

ಕೆಲಸ ಕೈಬಿಡುವ ಮಾತು ಅದು, ಆಡುವಾಗಲೇ ನನಗೆ ಗೊತ್ತಿತ್ತು. ಅವನಿಗೂ ಅದೇ ಬೇಕಿತ್ತು. ಮೀಟಿಂಗಿನವರೆಗೂ ಕಾಯಲಿಲ್ಲ. ಮಾರನೆಯ ಬೆಳಗ್ಗೆಯೇ ಬಾಮೈದ ನನ್ನ ಗನ್ನು, ನನ್ನ ಬಿಸಿನೀರಿನ ಥರ್ಮಾಸು ಹಿಡಿದು ನಿಂತಿದ್ದ.

ಆ ವಾರಗಳನ್ನು ನೆನೆಯಲು ಇಷ್ಟವಿಲ್ಲ. ನಮ್ಮ ಹಸುವಿನ ಹಾಲಿನಲ್ಲಿ ನೀರಿದೆ ಎಂದು ಅಳೆಯುವ ಮೊದಲೇ ವಾಪಸು ಕಳಿಸಿದರು. ಬಾವಿಕಟ್ಟೆಯಲ್ಲಿ ನಾನು ಹೋದರೆ ಮಾತು ನಿಲ್ಲುತ್ತಿತ್ತು. ಗೌಡ್ತಿ ಹೊಸಬನಿಂದ ಪಟ್ಟದ ಹೋರಿಯ ಕಡ್ಡಿ ಹಾಕಿಸಿ, ಅರಿಸಿನ ಹಚ್ಚಿದ ಹಸುವನ್ನು ನಮ್ಮ ಮನೆಯ ಮುಂದೆಯೇ ಹೊಡೆಸಿಕೊಂಡು ಹೋದಳು. ಅವಳಂತೆ ಇನ್ನೂ ಅನೇಕರು ಹಾಕಿಸಿದರು. ಹುಡುಗ ಕೆಲಸ ಕಲಿತವನೇ. ಅವನ ಕೈಯಲ್ಲಿ ದೋಷ ಹುಡುಕಲು ನನಗೆ ಮನಸ್ಸಿರಲಿಲ್ಲ. ನಾನು ಮೂರು ವಾರ ಕಾದೆ.

ಹಸುಗಳು ತಿರುಗಿ ಬಂದವು. ಒಂದರ ಹಿಂದೆ ಒಂದು, ಸಾಲಾಗಿ, ಬಾಯಿಬಿಟ್ಟು ಕೂಗುತ್ತ. ಅಂದು ಸಂಜೆ ಹಾಲಿನ ಸಾಲಿನ ಕೊನೆಯಲ್ಲಿ ನಾನೂ ಚೆಂಬು ಹಿಡಿದು ನಿಂತಿದ್ದೆ. ಗೌಡ್ತಿ ಹಗ್ಗವನ್ನು ಸೆಕ್ರೆಟರಿಯ ಮೇಜಿನ ಮೇಲೆ ಎಸೆದಳು.

“ಏನ್ಲಾ, ನಿನ್ ಬಾಮೈದ್ನೂ ಮುಂಡೆಯೇನ್ಲಾ? ಅವ್ನ ಕೈಗುಣ ಏನಾಯ್ತು?”

“ತಡ್ಕೊ ದೊಡ್ಡವ್ವ, ಇನ್ನೊಂದ್ ಸಲ ನೋಡಾನ.”

“ನೀನ್ ನೋಡ್ತಾ ಇರು. ನನ್ ಹಸ ಗೊಡ್ಡಾಗ್ಲಿ.”

ಬಾಮೈದ ತಲೆ ತಗ್ಗಿಸಿ ಗನ್ನು ಒರೆಸುತ್ತಲೇ ಇದ್ದ. ಮುಖ ಕೆಂಪಾಗಿತ್ತು. ಸಾಲಿನಲ್ಲಿದ್ದವರು ಒಬ್ಬೊಬ್ಬರೇ ಹಿಂದೆ ತಿರುಗಿ ನನ್ನತ್ತ ನೋಡಿದರು. ಅದು ಒಳ್ಳೆಯ ನೋಟವಾಗಿರಲಿಲ್ಲ. ನನ್ನ ಮಾತು ನಿಜವಾದದ್ದಕ್ಕೇ ಅವರಿಗೆ ನನ್ನ ಮೇಲೆ ಇನ್ನೂ ಹೆಚ್ಚು ಸಿಟ್ಟು ಬಂದಂತಿತ್ತು.

ಡೈರಿಯ ಅಧ್ಯಕ್ಷರು ಮನೆಗೆ ಬಂದರು. ಒಳಗೆ ಬರಲಿಲ್ಲ, ಜಗಲಿಯ ಮೇಲೂ ಕೂರಲಿಲ್ಲ.

“ಬಾರಮ್ಮ ಕೆಲ್ಸಕ್ಕೆ. ಆ ಕಡ್ಡಿ ಎಲ್ಲ ಚೆಲ್ಬುಟ್ಟು ಹೊಸಾವು ತರುಸ್ತೀವಿ. ಆಗಿದ್ದು ಆಗೋಯ್ತು.”

ಹೂಂ ಎಂದು ಹೊರಟುಬಿಡಬಹುದಿತ್ತು. ಅಷ್ಟಕ್ಕೆ ಹೋದರೆ ಮುಂದಿನ ಶುಕ್ರವಾರ ನನ್ನನ್ನು ಮತ್ತೆ ಮನೆಗೆ ಕಳಿಸುತ್ತಾರೆ, ಹೊಸ ಡಬ್ಬಿ ಮತ್ತೆ ಮೇಲಕ್ಕೆ ಬರುತ್ತದೆ, ಇನ್ನೊಂದು ವರ್ಷಕ್ಕೆ ಕೈಗುಣದ ಮಾತು ಮತ್ತೆ ನನ್ನ ಬಾಗಿಲಿಗೆ ಬರುತ್ತದೆ. ಬಾಗಿಲ ಚೌಕಟ್ಟು ಹಿಡಿದುಕೊಂಡು ಹೇಳಿದೆ: “ಜಾಡಿ ಮುಚ್ಚಳಕ್ಕೆ ಬೀಗ ಹಾಕ್ಬೇಕು. ಕೈ ನನ್ನತ್ರ ಇರ್ಬೇಕು.”

“ಪೂಜೆ ದಿನ?”

“ಮುಚ್ಚಿದ ಜಾಡಿಗೇ ಮಾಡ್ಕೊಳ್ಳಿ. ನಾನು ಪಕ್ಕದಲ್ಲಿ ನಿಂತಿರ್ತೀನಿ.”

“ನಿನ್ನ ಮುಂದಿಟ್ಕೊಂಡು ಪೂಜೆಯಾ? ಏನ್ ಮಾತಾಡ್ತೀಯಮ್ಮ ನೀನು.”

“ಹಂಗಾದ್ರೆ ಬೇಡ ಬಿಡಿ, ನಾನು ಬರಲ್ಲ.”

ಅವರು ಹೊರಟುಹೋದರು. ಎರಡು ದಿನ ಬಿಟ್ಟು ಬೀಗದ ಕೈಯನ್ನು ಬಾಮೈದನ ಹತ್ತಿರ ಕೊಟ್ಟು ಕಳಿಸಿದರು. ಅವನು ಅದನ್ನು ಜಗಲಿಯ ಮೇಲಿಟ್ಟು ಹೋದ.

ಶುಕ್ರವಾರದ ಪೂಜೆ ಈಗಲೂ ನಡೆಯುತ್ತದೆ. ಮುಚ್ಚಿದ ಜಾಡಿಗೆ ಹಾರ, ಕುಂಕುಮ, ಆರತಿ. ಹೊಗೆ ಬರುವುದಿಲ್ಲವೆಂದು ಬರುವವರು ಕಡಿಮೆಯಾಗಿದ್ದಾರೆ. ಆರತಿಯ ತಟ್ಟೆ ಎಲ್ಲರ ಮುಂದೆ ಹೋಗಿ ನನ್ನನ್ನು ದಾಟಿಕೊಂಡು ತಿರುಗಿ ಹೋಗುತ್ತದೆ. ನಾನು ಜಾಡಿಯ ಪಕ್ಕದಲ್ಲಿ ನಿಂತಿರುತ್ತೇನೆ.

ಹೊಸ ಕಡ್ಡಿ ಬಂದ ಮೇಲೆ ಗೌಡ್ತಿ ಹಸುವನ್ನು ಹಿಡಿದುಕೊಂಡು ಬಂದಳು. ಗೋಡೆಯ ಕಡೆ ನೋಡಿಕೊಂಡು, “ಬೆದೆಗೆ ಬಂದದೆ,” ಎಂದಳು. ಆಮೇಲೆ, “ಯಾವ ಓರಿದು ಅಂತ ಒಸಿ ಎತ್ತಿ ತೋರ್ಸು,” ಎಂದಳು.

“ತೋರ್ಸಲ್ಲ ಗೌಡ್ತಮ್ಮ.”

“ನೋಡ್ದೆ ಎಂಗೆ ನಂಬದು?”

“ನಂಬಬೇಡಿ. ಹಸ ಹಿಡ್ಕೊಳ್ಳಿ.”

ಹಿಡಿದುಕೊಂಡಳು. ಹಸು ತಿರುಗಿ ಬೆದೆಗೆ ಬರಲಿಲ್ಲ. ದಿನ ತುಂಬಿ ಕರು ಹಾಕಿದ ವಾರದಲ್ಲಿ ಅವಳು ಡೈರಿಗೆ ಬಂದಳು. ಸಾಲಿನಲ್ಲಿ ನಿಲ್ಲದೆ ನೇರವಾಗಿ ಒಳಕೋಣೆಯ ಹೊಸಲಿಗೆ ಬಂದು, ಈ ಸಲ ನನ್ನ ಮುಖ ನೋಡಿಯೇ ಬೈದಳು.

“ಗಂಡ್ಗರ ಕಣಮ್ಮಿ. ಇಷ್ಟೆಲ್ಲ ಮಾಡಿ ಕೊನೆಗೆ ಗಂಡ್ಗರ. ಮುಂದ್ಲ ಸಲ ಹೆಣ್ಗರ ಬೀಳಂಗೆ ಸರಿಯಾಗಿ ಹಾಕು.”

ಹೆಣ್ಣೋ ಗಂಡೋ ಎನ್ನುವುದು ನನ್ನ ಕೈಯಲ್ಲಿಲ್ಲವೆಂದು ಹೇಳಬಹುದಿತ್ತು. ಆದರೆ ಮುಂದಿನ ಸಲಕ್ಕೂ ಅವಳು ನನ್ನ ಹತ್ತಿರವೇ ಬರುತ್ತಾಳೆಂದು ತಿಳಿಯಿತು. ಜಾಡಿಗೆ ಬೀಗ ಹಾಕಿ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೆ.